ಹೆಂಡನ್ನಿನ ಸಮಾಧಿ, ಮೈಸೂರಿನ ಋಣ



ಕೊಲಿಂಡೇಲ್‌ನಲ್ಲಿ ನಾರ್ದರ್ನ್ ಲೈನ್ ಹತ್ತಿ ಊರೊಳಗೆ ಹೊರಟರೆ ಮೂರನೆಯ ಸ್ಟೇಷನ್ ಗೋಲ್ಡರ್ಸ್ ಗ್ರೀನ್. ನಮ್ಮಲ್ಲಿ ಎಷ್ಟೋ ಜನ ದಿನಾ ಅದನ್ನು ನಿದ್ದೆಗಣ್ಣಲ್ಲೇ ದಾಟುತ್ತೇವೆ. ರಷ್ಯದ ಸಂಗೀತ ರಚನೆಕಾರ, ಪಿಯಾನೊ ಗುರು ನಿಕೊಲಾಯ್ ಮೆಟ್ನರ್ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲೇ. ಅವರ ಕಥೆಯಲ್ಲಿ ನಮ್ಮ ಮೈಸೂರೂ ಬರುತ್ತದೆ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಅಲ್ಲಿಯ ಕನ್ಸರ್ವೇಟರಿಯಲ್ಲಿ ಕಲಿತು, ಮುಂದೆ ಅಲ್ಲೇ ಪಾಠ ಹೇಳಿದರು. 1921ರಲ್ಲಿ ದೇಶ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ ಲಂಡನ್ ಸೇರಿದರು. ರಾಖ್ಮನಿನಾಫ್ ಆಪ್ತ ಗೆಳೆಯನಾದರೂ ಆ ಗೆಳೆಯನ ಖ್ಯಾತಿ ಇವರಿಗೆ ದಕ್ಕಲಿಲ್ಲ. ಹೊಸ ಕಾಲದ ಸಂಗೀತ ಇವರಿಗೆ ಹಿಡಿಸಲಿಲ್ಲ. ಹೊಸ ಕಾಲಕ್ಕೆ ಇವರೂ ಹಿಡಿಸಲಿಲ್ಲ. ಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಆಗ ವಾರ್ವಿಕ್‌ಷೈರ್‌ನಲ್ಲಿ ಆಸರೆ ಕೊಟ್ಟವರು ಶಿಷ್ಯೆ ಎಡ್ನಾ ಐಲ್ಸ್. 1942ರಲ್ಲಿ ಹೃದಯಾಘಾತವೂ ಆಯಿತು.

ಇತ್ತ ಮೈಸೂರಿನಲ್ಲಿ 1940ರಲ್ಲಿ, ಇಪ್ಪತ್ತೊಂದರ ವಯಸ್ಸಿಗೇ ಪಟ್ಟಕ್ಕೆ ಬಂದವರು ಜಯಚಾಮರಾಜೇಂದ್ರ ಒಡೆಯರು. ವಾಸುದೇವಾಚಾರ್ಯರ ಶಿಷ್ಯರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು ಎಂದು ನಾವೆಲ್ಲ ಬಲ್ಲೆವು. ಅವರು ಪಿಯಾನೊ ಕಲಿತಿದ್ದರು, ಮೆಟ್ನರ್ ಸಂಗೀತಕ್ಕೆ ಮನಸೋತಿದ್ದರು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಅವರು ಕೊಟ್ಟ ಹಣದಿಂದಲೇ ಮೆಟ್ನರ್ ಸೊಸೈಟಿ ಹುಟ್ಟಿತು. ಎಪ್ಪತ್ತರ ಹತ್ತಿರದ ಕಾಯಿಲೆ ಮನುಷ್ಯ ಎಚ್‌.ಎಂ.ವಿ. ಸ್ಟುಡಿಯೊದಲ್ಲಿ ಕೂತು, ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಮ್ಮ ಮೂರೂ ಕನ್ಸರ್ಟೊಗಳನ್ನು ನುಡಿಸಿದರು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ ಗೀತೆಗಳಿಗೆ ಪಿಯಾನೊ ಅವರದೇ. ಮೂರನೆಯ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು.

ಆ ಕಾಲದ ಮೈಸೂರಿನಲ್ಲಿ ದುಡ್ಡಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ನಮ್ಮ ಬಳಗದಲ್ಲೇ ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬರೆದವನ ಕೈಯಲ್ಲೇ ಆ ಸಂಗೀತ ಹೇಗಿತ್ತು ಎಂದು ಇಂದು ಕೇಳಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಆ ದುಡ್ಡಿನಿಂದ. ಅವರು ಪಾಠ ಹೇಳುತ್ತಿದ್ದ ಬಗೆಯೂ ಉಳಿಯಿತು: ಅಭ್ಯಾಸದ ಬಗ್ಗೆ ನೋಟ್‌ಬುಕ್ಕುಗಳಲ್ಲಿ ಗೀಚಿಟ್ಟದ್ದು 1963ರಲ್ಲಿ ಮಾಸ್ಕೋದಲ್ಲಿ ಪುಸ್ತಕವಾಯಿತು. ಅದನ್ನು ನೋಡಲು ಅವರಿರಲಿಲ್ಲ. 1951ರ ನವೆಂಬರ್ 13ರಂದು ತೀರಿಕೊಂಡಿದ್ದರು.

ಸಮಾಧಿ ಇಲ್ಲೇ, ಹೋಲ್ಡರ್ಸ್ ಹಿಲ್ ರಸ್ತೆಯ ಹೆಂಡನ್ ಸ್ಮಶಾನದಲ್ಲಿದೆ. ಬಳಗದ ಮುಂದಿನ ನಡಿಗೆ ಅಲ್ಲಿಗೇ ಇಟ್ಟುಕೊಂಡಿದ್ದೇವೆ, ಮಳೆಯಾದರೂ ಹೋಗುವುದೇ. ಮೈಸೂರಿನವರು ಯಾರಾದರೂ ಮಲ್ಲಿಗೆ ತಂದರೆ ಸಂತೋಷ.