ಅರಿವಳಿಕೆಯ ತರಬೇತಿಗೆ ಐಸಿಯುವೇ ಏಕೆ ಮೊದಲ ಮೆಟ್ಟಿಲು?

ಅಮೆರಿಕದಲ್ಲಿ ಅರಿವಳಿಕೆ ಕೊಡುವ ನರ್ಸ್ ಆಗಲು ನರ್ಸಿಂಗ್ ಪದವಿ, ನೋಂದಣಿ ಇದ್ದರಷ್ಟೇ ಸಾಲದು. ತರಬೇತಿಗೆ ಮುನ್ನ ಕನಿಷ್ಠ ಒಂದು ವರ್ಷ ಐಸಿಯುವಿನಂಥ ಕಡೆ ಪೂರ್ಣಾವಧಿ ದುಡಿದಿರಬೇಕು. ಅರಿವಳಿಕೆ ಎಂದರೆ ವೈದ್ಯರ ಕೆಲಸವೆಂದೇ ತಿಳಿದ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಅರಿವಳಿಕೆ ಮತ್ತು ಐಸಿಯು ವಿಭಾಗಗಳ ನಂಟು ಹಳೆಯದು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತವರು ಸಾಯತೊಡಗಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಆಪರೇಷನ್ ಥಿಯೇಟರಿನ ವಿದ್ಯೆಯನ್ನು ವಾರ್ಡಿಗೆ ತಂದರು. ಶ್ವಾಸನಾಳಕ್ಕೆ ಇಟ್ಟ ಕೊಳವೆಯ ಮೂಲಕ ಚೀಲ ಒತ್ತಿ ಗಾಳಿ ತುಂಬುವ ಕೆಲಸವನ್ನು ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಮಾಡಿದರು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದ. ಐಸಿಯು ನರ್ಸ್‌ಗೆ ಅರಿವಳಿಕೆ ಕಲಿಯುವುದೆಂದರೆ ಕಸುಬಿನ ತವರಿಗೆ ಹೋದಂತೆ.

ಯಂತ್ರಗಳ ಪರಿಚಯಕ್ಕಿಂತ ಐಸಿಯುವಿನಲ್ಲಿ ಸಿಗುವ ದೊಡ್ಡ ಲಾಭ, ಕಾರಣ ಹುಡುಕುವ ಅಭ್ಯಾಸ. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಹೆಚ್ಚಿಸಿದರೆ ಎಚ್ಚರ ಕುಂದುವುದರ ಜೊತೆಗೆ ರಕ್ತದೊತ್ತಡವೂ ಇಳಿಯುತ್ತದೆ. ನಾರ್‌ಅಡ್ರಿನಲಿನ್ ಎಂಬ ಔಷಧ ಹೆಚ್ಚಿಸಿದರೆ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ. ಈ ಎಳೆದಾಟವನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ನಿಮಿಷ ನಿಮಿಷಕ್ಕೂ ನೋಡುವವರು ನರ್ಸ್‌ಗಳು. ಒತ್ತಡ ಕುಸಿದದ್ದು ರಕ್ತ ಸೋರಿದ್ದರಿಂದಲೋ, ಹೃದಯ ಸೋತದ್ದರಿಂದಲೋ, ಔಷಧ ಹೆಚ್ಚಾದದ್ದರಿಂದಲೋ? ಪರದೆಯ ಮೇಲಿನ ಅಂಕಿ ಒಂದೇ, ಪರಿಹಾರ ಮಾತ್ರ ಬೇರೆ ಬೇರೆ. ಥಿಯೇಟರಿನಲ್ಲೂ ಎದುರಾಗುವುದು ಇದೇ ಪ್ರಶ್ನೆ.

ಐಸಿಯು ಅನುಭವ ಬೇಕೇಬೇಕೆಂಬುದಕ್ಕೆ ಆಕ್ಷೇಪಗಳಿವೆ. ಮೇಯೊ ಕ್ಲಿನಿಕ್‌ನ ನರ್ಸ್ ಆಲಿಸ್ ಮಗಾ 14,000ಕ್ಕೂ ಹೆಚ್ಚು ಅರಿವಳಿಕೆಗಳ ಅನುಭವವನ್ನು 1906ರಲ್ಲೇ ಪ್ರಕಟಿಸಿದ್ದರು. ಆಗ ಐಸಿಯು ಎಲ್ಲಿತ್ತು? ಇರಲಿಲ್ಲ ನಿಜ. ಆದರೆ ಈಥರ್ ಹನಿಸುತ್ತಿದ್ದ ಆ ಕಾಲದಲ್ಲಿ ಆಪರೇಷನ್‌ಗೇ ಒಳಪಡಿಸದಂಥ ಹೃದ್ರೋಗಿಗಳು, ವೃದ್ಧರು ಇಂದು ಮೇಜಿನ ಮೇಲಿರುತ್ತಾರೆ. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ಐಸಿಯುವಿನಲ್ಲಿ ಔಷಧದ ಏರಿಳಿತವೂ ವೈದ್ಯರ ಆದೇಶದ ಮಿತಿಯೊಳಗೇ ನಡೆಯುತ್ತದೆ, ಥಿಯೇಟರಿನಲ್ಲಾದರೋ ಸ್ನಾಯು ಸಡಿಲಿಸಿದ ಮೇಲೆ ಕೊಳವೆ ಇಡಲಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಅಪಾಯ. ಕೊಳವೆ ಇಡುವುದನ್ನು ನೂರು ಸಲ ನೋಡಿದವರಿಗೂ ಅದು ಕೈಗೆ ಹತ್ತಿರುವುದಿಲ್ಲ. ಆದ್ದರಿಂದಲೇ ಅನುಭವದ ಮೇಲೆ ಕನಿಷ್ಠ 36 ತಿಂಗಳ ತರಬೇತಿ ಇದೆ. 2022ರಿಂದ ಹೊಸದಾಗಿ ಸೇರುವವರಿಗೆ ಅದು ಡಾಕ್ಟರೇಟ್ ಮಟ್ಟದ್ದು. ಐಸಿಯುವಿನ ವರ್ಷ ಅದಕ್ಕೆ ಬದಲಿಯಾಗದು, ತಳಹದಿಯಾಗಬಲ್ಲದು. ಆ ತಳಹದಿ ಗಟ್ಟಿಯಾಗುವುದು ಬರೀ ವರ್ಷಗಳ ಲೆಕ್ಕದಿಂದಲ್ಲ. ಈ ದಾರಿ ಹಿಡಿಯಬೇಕೆಂದು ಅಮೆರಿಕಕ್ಕೆ ಹೋಗುವ ಕರ್ನಾಟಕದ ನರ್ಸ್‌ಗಳೂ ಎಷ್ಟು ವರ್ಷ ದುಡಿದೆವು ಎನ್ನುವುದಕ್ಕಿಂತ, ಎಂಥ ರೋಗಿಗಳನ್ನು ನೋಡಿಕೊಂಡೆವು, ಅವರ ದೇಹದಲ್ಲಿ ಆಗುತ್ತಿದ್ದುದಕ್ಕೆ ಕಾರಣ ಹೇಳಬಲ್ಲೆವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.