ಹೆಬ್ಬೆಯ ಹಾದಿಯಲ್ಲಿ ಮೂರು ಗಾಲಿಯ ಕಾರು

ಕಳೆದ ಚಳಿಗಾಲದಲ್ಲಿ ನನ್ನ ಮಗಳ ಶಾಲೆಯಲ್ಲಿ ‘ಕಸದಿಂದ ರಸ’ ಎಂಬ ಪ್ರದರ್ಶನವೊಂದು ಏರ್ಪಟ್ಟಿತ್ತು. ಮನೆಯಲ್ಲಿ ಉಳಿದುಬಿದ್ದ ವಸ್ತುಗಳಿಂದಲೇ ಏನಾದರೊಂದು ಮಾದರಿಯನ್ನು ಮಾಡಿ ತರಬೇಕೆಂಬುದು ನಿಯಮ. ಇಂಥ ನಿಯಮಗಳು ಮಕ್ಕಳಿಗೆಂದು ಹೊರಟರೂ ಅವನ್ನು ಪಾಲಿಸಬೇಕಾದವರು ತಂದೆತಾಯಿಗಳೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏನು ಮಾಡೋಣವೆಂದು ಕೇಳಿದಾಗ ಅವಳು ಗೋಡೆಯತ್ತ ಕೈತೋರಿಸಿ, “ಅಜ್ಜನ ಕಾರು” ಎಂದಳು.

ಗೋಡೆಯ ಮೇಲಿನ ಆ ಭಾವಚಿತ್ರದಲ್ಲಿ ನನ್ನ ತಂದೆಯವರು ಒಂದು ವಿಚಿತ್ರ ವಾಹನಕ್ಕೆ ಒರಗಿ ನಿಂತಿದ್ದಾರೆ. ಒಳಗೆ ಅಜ್ಜಿ ಸೆರಗನ್ನು ಸರಿಪಡಿಸಿಕೊಳ್ಳುತ್ತ ಕುಳಿತಿದ್ದಾರೆ. ಕಾರಿಗೆ ಮುಂದೆ ಒಂದೇ ಗಾಲಿ, ಹಿಂದೆ ಎರಡು. ಹೆಸರು ‘ಬಾದಲ್’. ಹಿಂದಿಯಲ್ಲಿ ಮೋಡವೆಂದರ್ಥ. 1970ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆಯವರು ಇದನ್ನು ತಯಾರಿಸಿದರು. ಅಂಬಾಸಡರ್, ಪದ್ಮಿನಿ ಕಾರುಗಳಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಬಾದಲ್‌ಗೆ ಇದ್ದುದು ಸ್ಕೂಟರಿನ ಜಾತಿಯ 198 ಸಿ.ಸಿ. ಎಂಜಿನ್ನು, ಅದೂ ಹಿಂಭಾಗದಲ್ಲಿ. ಮೈಯೆಲ್ಲ ಫೈಬರ್ ಗ್ಲಾಸ್. ಗಾಜಿನ ಎಳೆಗಳ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ ರಾಳದಲ್ಲಿ ತೋಯಿಸಿ ಒಣಗಿಸಿದರಾಯಿತು. ತಗಡನ್ನು ಒತ್ತುವ ದೊಡ್ಡ ಯಂತ್ರಗಳು ಬೇಕಿಲ್ಲ. ಸಣ್ಣ ಬಂಡವಾಳದವರು ಕಾರಿನ ಕನಸು ಕಾಣಲು ಸಾಧ್ಯವಾದದ್ದು ಬಹುಮಟ್ಟಿಗೆ ಈ ವಿದ್ಯೆಯಿಂದಲೇ. ಇದೇ ಬಳಗದವರು ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ ಡಾಲ್ಫಿನ್ ಕಾರನ್ನು ಹೊರತಂದರು.

ನನ್ನ ತಂದೆಯವರು ಆಗ ಹೆಬ್ಬೆಯ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. 1986ರಲ್ಲಿ ಯಾರೋ ಉಪಯೋಗಿಸಿ ಬಿಟ್ಟ ಬಾದಲ್ ಒಂದನ್ನು ಕೊಂಡು ತಂದರಂತೆ. ನಾನು ಹುಟ್ಟುವ ವೇಳೆಗೆ ಅದು ತೋಟದ ಲೈನಿನ ಪಕ್ಕದಲ್ಲಿ ಕೋಳಿಗೂಡಾಗಿತ್ತು. ಕಬ್ಬಿಣವೆಲ್ಲ ಮಳೆಗೆ ಕರಗಿಹೋದರೂ ಮೈ ಮಾತ್ರ ಕರಗಲಿಲ್ಲ. ಅದೇಕೆ ಹಾಗಾಯಿತೆಂದು ಕೇಳಿದಾಗಲೆಲ್ಲ ತಂದೆಯವರು “ಕೆಟ್ಟುಹೋಯಿತು” ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು.

ಮಾದರಿಯ ಕೆಲಸ ಶುರುವಾಯಿತು. ಅಡಿಗೆ ಒಂದು ಅಂಗುಲವೆಂಬ ಪ್ರಮಾಣ, ಎಂದರೆ ನಿಜವಾದ ಕಾರಿನ ಹನ್ನೆರಡನೆಯ ಒಂದು ಪಾಲು. ಅಳತೆ ಎಲ್ಲಿಂದ ತರುವುದು? ಭಾವಚಿತ್ರದಲ್ಲಿ ನಿಂತ ತಂದೆಯವರ ಎತ್ತರ ಐದಡಿ ಆರಂಗುಲ. ಅದನ್ನೇ ಗಜಕಡ್ಡಿಯಾಗಿ ಹಿಡಿದು ಉಳಿದುದನ್ನು ಲೆಕ್ಕ ಹಾಕಿದೆ. ಮದುವೆಯ ಆಮಂತ್ರಣ ಪತ್ರಿಕೆಗಳ ದಪ್ಪ ಕಾಗದದಿಂದ ಹಂದರವನ್ನು ಕಟ್ಟಿ, ಗಾಯಕ್ಕೆ ಸುತ್ತುವ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಮೂರು ಪದರ ಹೊದಿಸಿದೆವು. ಫೈಬರ್ ಗ್ಲಾಸಿನ ಬಡ ನೆಂಟನೆನ್ನಿ. ಒಣಗಿದ ಮೇಲೆ ಮಗಳು ಉಗುರಿನಿಂದ ಬಡಿದು ನೋಡಿ ಒಪ್ಪಿಗೆ ಕೊಟ್ಟಳು. ಮುರಿದ ಕೊಡೆಯ ಕಡ್ಡಿ ಅಚ್ಚಾಯಿತು. ಔಷಧದ ಸೀಸೆಗಳ ಮುಚ್ಚಳಗಳಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿದಾಗ ಗಾಲಿಗಳಾದವು. ಅಜ್ಜಿಯ ಹಳೆಯ ಎಕ್ಸ್‌ರೇ ಹಾಳೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದಾಗ ಕಪ್ಪೆಲ್ಲ ಹೋಗಿ ತಿಳಿಯಾದ ಕನ್ನಡಿ ಸಿಕ್ಕಿತು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರನ್ನೂ ಬ್ಯಾಟರಿಯನ್ನೂ, ನಿಜವಾದ ಕಾರಿನಲ್ಲಿ ಇದ್ದಂತೆಯೇ, ಹಿಂಭಾಗದಲ್ಲಿ ಕೂರಿಸಿದೆ. ಸ್ಟಿಯರಿಂಗ್ ಚಕ್ರಕ್ಕಾಗಿ ಮಗಳು ತನ್ನ ಬಳೆಯೊಂದನ್ನು ಕೊಡಲು ಮುಂದಾದಳು. ಅದು ತೀರ ದೊಡ್ಡದೆಂದು ಅಂಗಿಯ ಗುಂಡಿಯೊಂದನ್ನು ಒಪ್ಪಿಸಬೇಕಾಯಿತು.

ತಂದೆಯವರು ಇದನ್ನೆಲ್ಲ ಪಡಸಾಲೆಯ ಕುರ್ಚಿಯಿಂದಲೇ ನೋಡುತ್ತಿದ್ದರು. ಒಂದು ದಿನ ಹಳೆಯ ಬೋರ್ನ್‌ವೀಟಾ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಮಾತಿಲ್ಲದೆ ಹೋದರು. ಅದರಲ್ಲಿ ಮೊಳೆ, ತಿರುಪುಗಳ ನಡುವೆ ಕೆಂಪು ಪ್ಲಾಸ್ಟಿಕ್ಕಿನ ಒಡೆದ ತುಂಡೊಂದಿತ್ತು: ಬಾದಲ್‌ನ ಹಿಂದಿನ ದೀಪದ ಚೂರು. ಮೂವತ್ತೆಂಟು ವರ್ಷ ಅದನ್ನು ಇಟ್ಟುಕೊಂಡಿದ್ದರು!

ಓಡಿಸಿ ನೋಡುವ ದಿನ ಬಂತು. ನೆಲದ ಮೇಲೆ ಚೆನ್ನಾಗಿಯೇ ಓಡಿತು. ಹಲಗೆಯನ್ನು ಓರೆಯಾಗಿಟ್ಟು ಹತ್ತಿಸಿದರೆ ಮಾತ್ರ ಮುಂದಿನ ಗಾಲಿ ಮೇಲಕ್ಕೆದ್ದು, ಕಾರು ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಭಾರವೆಲ್ಲ ಹಿಂದೆ; ಏರಿನಲ್ಲಿ ಅದು ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ನೆಲ ಬಿಟ್ಟ ಗಾಲಿಯನ್ನು ಎತ್ತ ತಿರುಗಿಸಿದರೇನು? ಜರ್ಮನಿಯ ಮೆಸರ್‌ಸ್ಮಿಟ್ ಕಾರಿಗೂ ಮೂರೇ ಗಾಲಿಗಳಿದ್ದವು. ಆದರೆ ಎರಡು ಮುಂದೆ, ಒಂದು ಹಿಂದೆ. ಇಂಗ್ಲೆಂಡಿನ ರಿಲಯಂಟ್ ರಾಬಿನ್ ನಮ್ಮ ಬಾದಲ್‌ನಂತೆ ಮುಂದೆ ಒಂಟಿ ಗಾಲಿಯದು. ಇದನ್ನೆಲ್ಲ ಮಗಳಿಗೆ ವಿವರಿಸುವ ಮೇಷ್ಟರ ಚಪಲ ನನಗೆ. ಅಷ್ಟರಲ್ಲಿ ತಂದೆಯವರು ಎದ್ದು ಬಂದು, ಹೆಬ್ಬೆರಳಿನಷ್ಟು ದೊಡ್ಡದಾದ ಬಟ್ಟೆಯ ಗಂಟೊಂದನ್ನು ಕಾರಿನ ಮುಂಭಾಗದಲ್ಲಿಟ್ಟರು. ಒಳಗೆ ಮರಳಿತ್ತು. ಕಾರು ಹಲಗೆಯನ್ನು ನೆಟ್ಟಗೆ ಹತ್ತಿತು.

“ನಾನೂ ಒಂದು ಮೂಟೆ ಇಟ್ಟುಕೊಂಡೇ ಓಡಿಸ್ತಿದ್ದೆ ಕಣೋ” ಎಂದರು.

ಆಮೇಲೆ ಹೇಳಿದ್ದಿಷ್ಟು. ಹೆಬ್ಬೆಯ ಹಾದಿ ಜೀಪುಗಳ ಹಾದಿ. ಅವುಗಳ ಗಾಲಿಗಳು ಕೊರೆದ ಎರಡು ಕೊರಕಲುಗಳು, ನಡುವೆ ಹುಲ್ಲು ಬೆಳೆದ ದಿಬ್ಬ. ನಾಲ್ಕು ಗಾಲಿಯ ವಾಹನ ಕೊರಕಲಿನಲ್ಲಿ ಹೋಗುತ್ತದೆ. ಬಾದಲ್‌ನ ಒಂಟಿ ಗಾಲಿಗೆ ಆ ದಿಬ್ಬವೇ ಗತಿ, ಅಲ್ಲಿನ ಕಲ್ಲುಗಳೇ ಗತಿ. 1987ರ ಬೇಸಗೆಯಲ್ಲಿ ಅಜ್ಜಿಯ ಕಣ್ಣು ತೋರಿಸಲು ತರೀಕೆರೆಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಅಜ್ಜಿ, ಪಕ್ಕದಲ್ಲಿ ನೆಂಟರಿಗೆಂದು ನಾಲ್ಕು ಹಲಸಿನ ಹಣ್ಣು. ಟ್ರಂಕಿಗೆ ಜಾಗ ಮಾಡಲೆಂದು ಮರಳಿನ ಮೂಟೆಯನ್ನು ಕೆಳಗಿಳಿಸಿದ್ದರು. ಕೆಮ್ಮಣ್ಣುಗುಂಡಿಯ ಕಡೆಗೆ ಏರುವ ಒಂದು ತಿರುವಿನಲ್ಲಿ ಗಾಲಿ ಕಲ್ಲಿನ ಮೇಲೆ ಹತ್ತಿ ಮತ್ತೆ ನೆಲಕ್ಕಿಳಿಯಲಿಲ್ಲ. ಕಾರು ಹಿಂದಕ್ಕೆ ಜಾರಿ ಚರಂಡಿಗೆ ವಾಲಿತು. ಅಜ್ಜಿಯ ಸೊಂಟ ಮುರಿಯಿತು.

ನನ್ನ ಬಾಲ್ಯದುದ್ದಕ್ಕೂ ಅಜ್ಜಿ ಕೋಲೂರಿ ಕುಂಟುತ್ತಲೇ ನಡೆದರು. ಹಿತ್ತಿಲಿನ ಪಾಚಿಗಲ್ಲಿನ ಮೇಲೆ ಜಾರಿದೆನೆಂದು ಸ್ವತಃ ಅವರೇ ನನಗೆ ಹೇಳಿದ್ದರು. ಆ ಕಲ್ಲನ್ನು ಬೆರಳಿಟ್ಟು ತೋರಿಸಿಯೂ ಇದ್ದರು. 2009ರಲ್ಲಿ ತೀರಿಕೊಳ್ಳುವವರೆಗೆ ಆ ಮಾತನ್ನು ಬದಲಿಸಲಿಲ್ಲ.

“ಗಾಡಿದೇನೂ ತಪ್ಪಿಲ್ಲ. ಮೂಟೆ ಇಳಿಸಿದೋನು ನಾನು” ಎಂದರು ತಂದೆಯವರು. “ಮಗ ಅಂದುಕೊಂಡು ಅವ್ವ ಯಾರಿಗೂ ಹೇಳಲಿಲ್ಲ.”

ನಾನು ಮಾದರಿಯ ಗಾಜನ್ನು ನೋಡಿದೆ. ಅದು ಆ ಸೊಂಟದ ಎಕ್ಸ್‌ರೇ ಹಾಳೆಯೇ ಆಗಿತ್ತು.

ಪ್ರದರ್ಶನದಲ್ಲಿ ಮಗಳಿಗೆ ಬಹುಮಾನವೇನೂ ಬರಲಿಲ್ಲ. ತೆಂಗಿನ ಚಿಪ್ಪಿನ ಆಮೆಗೆ ಹೋಯಿತು. ಮುಂದಿನ ಭಾನುವಾರ ತಂದೆಯವರು ತಾವಾಗಿಯೇ ಹೆಬ್ಬೆಗೆ ಹೋಗೋಣವೆಂದರು. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಸೇರಿ, ಅಲ್ಲಿಂದ ಜೀಪಿನಲ್ಲಿ ಇಳಿದೆವು. ಅಬ್ಬಿಯವರೆಗೆ ನಡೆಯುವಷ್ಟು ಶಕ್ತಿ ಅವರ ಮಂಡಿಗಳಿಗಿಲ್ಲ. ದೊಡ್ಡ ಹೆಬ್ಬೆಯನ್ನು ನಾನೂ ಮಗಳೂ ನೋಡಿ ಬಂದೆವು. ಹಿಂತಿರುಗಿ ಏರುವಾಗ ಒಂದು ತಿರುವಿನಲ್ಲಿ ಜೀಪನ್ನು ನಿಲ್ಲಿಸಲು ಹೇಳಿ ಇಳಿದರು. ಹಾದಿಯ ನಡುವಿನ ದಿಬ್ಬದ ಹುಲ್ಲನ್ನು ಚಪ್ಪಲಿಯಿಂದ ಸರಿಸಿ ಸರಿಸಿ ನೋಡಿದರು.

“ಕಲ್ಲು ತೆಗೆದುಬಿಟ್ಟಿದ್ದಾರೆ” ಎಂದು ಹೇಳಿ, ಮೊಮ್ಮಗಳ ಕೈಹಿಡಿದು ಜೀಪನ್ನು ಹತ್ತಿದರು.