ಮಂಡಕಳ್ಳಿಯ ವಿಮಾನ ಗುಂಡ್ಲುಪೇಟೆಗೆ ಏಕೆ ದೂರ?

ಮೈಸೂರಿನಿಂದ ನಂಜನಗೂಡಿನ ಕಡೆಗೆ ಬಸ್ಸಿನಲ್ಲಿ ಹೊರಟರೆ ಸುಮಾರು ಹತ್ತು ಕಿಲೋಮೀಟರಿನಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಅದೇ ರಸ್ತೆ ಮುಂದೆ ಗುಂಡ್ಲುಪೇಟೆ, ಬಂಡೀಪುರ ದಾಟಿ ಕೇರಳಕ್ಕೆ ಹೋಗುತ್ತದೆ. ನಂಜನಗೂಡಿನಲ್ಲಿ ಕವಲೊಡೆದ ದಾರಿ ಚಾಮರಾಜನಗರಕ್ಕೆ. ಎರಡೂ ಊರುಗಳಿಗೆ ಮಂಡಕಳ್ಳಿಯಿಂದ ಐವತ್ತು ಕಿಲೋಮೀಟರು ಆಸುಪಾಸು. ಆದರೂ ಈ ಊರುಗಳಿಂದ ಮುಂಬಯಿಗೋ ದುಬೈಗೋ ಹೊರಟವರಲ್ಲಿ ಹಲವರು ಈ ನಿಲ್ದಾಣದ ಮುಂದೆಯೇ ಹಾದು, ಇನ್ನೂರು ಕಿಲೋಮೀಟರಿಗೂ ದೂರದ ದೇವನಹಳ್ಳಿಗೆ ಹೋಗಿ ವಿಮಾನ ಹತ್ತುತ್ತಾರೆ. ನಾವು ಆ ಕಡೆ ಹೋಗಿದ್ದಾಗ ಪಕ್ಕದ ಸೀಟಿನಲ್ಲಿದ್ದ ಗುಂಡ್ಲುಪೇಟೆಯ ಹಿರಿಯರೊಬ್ಬರು ಕಿಟಕಿಯಾಚೆ ಕೈ ತೋರಿಸಿ, "ಕಣ್ಗೆ ಕಾಣ್ತದೆ ಸ್ವಾಮಿ, ಕೈಗೆ ಸಿಕ್ಕಲ್ಲ" ಎಂದರು. ಹೀಗೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲನೆಯದು ರನ್‌ವೇ. ಮಂಡಕಳ್ಳಿಯದ್ದು 1,740 ಮೀಟರ್ ಉದ್ದ, ಅಗಲವೂ ಕಡಿಮೆ. ಎಪ್ಪತ್ತು ಚಿಲ್ಲರೆ ಆಸನಗಳ, ಪ್ರೊಪೆಲರ್ ತಿರುಗುವ ಎಟಿಆರ್ ವಿಮಾನಕ್ಕೆ ಅದು ಸಾಕು. 180 ಜನರನ್ನು ಹೊರುವ ಏರ್‌ಬಸ್, ಬೋಯಿಂಗ್‌ಗಳಿಗೆ ಸಾಲದು. ಬಜಪೆಯ ಹಳೆಯ ರನ್‌ವೇ ಇದಕ್ಕಿಂತಲೂ ಗಿಡ್ಡವಾಗಿತ್ತು, ಅಲ್ಲಿ ಬೋಯಿಂಗ್ ಇಳಿಯುತ್ತಿತ್ತಲ್ಲ ಎಂದು ನಮ್ಮ ಕರಾವಳಿಯ ಓದುಗರು ಕೇಳಬಹುದು. ನಿಜ, ಇಳಿಯುತ್ತಿತ್ತು, 1981ರಲ್ಲಿ ಒಂದು ಬೋಯಿಂಗ್ ರನ್‌ವೇ ದಾಟಿ ಹೋದದ್ದೂ ಉಂಟು. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂದ ಮೇಲೆಯೇ ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು. ಆ ಉದ್ದದ ರನ್‌ವೇಯಲ್ಲೂ 2010ರ ಮೇ 22ರಂದು 158 ಮಂದಿಯನ್ನು ಕಳೆದುಕೊಂಡ ನಾವು, ರನ್‌ವೇ ವಿಷಯದಲ್ಲಿ ಹೇಗಾದರೂ ಹೊಂದಿಸಿಕೊಳ್ಳಿ ಎಂದು ಯಾರಿಗೂ ಹೇಳಲಾರೆವು.

ಮಂಡಕಳ್ಳಿಯ ರನ್‌ವೇಯನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ಇದೆ. ಅಡ್ಡ ಬಂದಿರುವುದು ಬೇರೆ ಯಾವುದೂ ಅಲ್ಲ, ಗುಂಡ್ಲುಪೇಟೆಗೆ ಹೋಗುವ ಅದೇ ಹೆದ್ದಾರಿ! ರಸ್ತೆಯನ್ನು ರನ್‌ವೇಯ ಕೆಳಗೆ ಒಯ್ಯುವ ಯೋಚನೆ ಮೊದಲು ಇತ್ತು. ಭದ್ರತೆಯ ಪ್ರಶ್ನೆ ಎದ್ದ ಮೇಲೆ ರಸ್ತೆಯನ್ನೇ ಬಳಸಿ ಒಯ್ಯುವ ಮಾತು ಬಂತು. ಜಮೀನು ಬೇಕು, ಹಣ ಬೇಕು, ವರ್ಷಗಳು ಉರುಳುತ್ತಿವೆ.

ಗಿಡ್ಡ ರನ್‌ವೇ ಎಂದರೆ ಚಿಕ್ಕ ವಿಮಾನ. ಚಿಕ್ಕ ವಿಮಾನ ಎಂದರೆ ಹತ್ತಿರದ ಊರು. ತೊಡಕು ಇರುವುದು ಇಲ್ಲೇ. ವಿಮಾನ ಹೆಚ್ಚು ಇಂಧನ ಕುಡಿಯುವುದು ನೆಲ ಬಿಟ್ಟು ಮೇಲೇರುವಾಗ. ಸಾವಿರ ಕಿಲೋಮೀಟರು ಹಾರಿದರೆ ಆ ಖರ್ಚು ಹಂಚಿಹೋಗುತ್ತದೆ, ನೂರೈವತ್ತು ಕಿಲೋಮೀಟರಿಗೆ ಹಂಚುವುದು ಹೇಗೆ? ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕೊಡಬೇಕು, ಅದು ನೆಲದ ಮೇಲೆ ನಿಂತಿದ್ದರೂ ಬಾಡಿಗೆ ನಿಲ್ಲದು. ಜೊತೆಗೆ 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಕಾರಿನಲ್ಲಿ ಒಂದೂವರೆ ಗಂಟೆಯ ದಾರಿಗೆ ಒಂದು ಗಂಟೆ ಮೊದಲೇ ವಿಮಾನ ನಿಲ್ದಾಣಕ್ಕೆ ಹೋಗಿ ಕೂರುವವರು ಯಾರು?

ಆದ್ದರಿಂದ ಇಲ್ಲಿಗೆ ಬಂದ ಕಂಪೆನಿಗಳು ಬಂದಂತೆಯೇ ಹೋದವು. ನವೀಕರಿಸಿದ ನಿಲ್ದಾಣ ತೆರೆದದ್ದು 2010ರಲ್ಲಿ. ಅದೇ ವರ್ಷ ಬಂದ ಕಿಂಗ್‌ಫಿಷರ್ ಮರುವರ್ಷವೇ ಹಿಂದೆ ಸರಿಯಿತು. 2012ರಲ್ಲಿ ಆ ಕಂಪೆನಿಯೇ ನಿಂತಿತು. 2013ರಲ್ಲಿ ಬಂದ ಸ್ಪೈಸ್‌ಜೆಟ್ ಕೂಡ ಬಹಳ ಕಾಲ ಉಳಿಯಲಿಲ್ಲ. ಆಮೇಲೆ ಕೇಂದ್ರದ 'ಉಡಾನ್' ಯೋಜನೆ ಬಂತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳನ್ನು 2,500 ರೂಪಾಯಿ ಮಿತಿಯಲ್ಲಿ ಕೊಡಬೇಕು, ಕಂಪೆನಿಯ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡುತ್ತದೆ ಎಂಬುದು ಅದರ ಲೆಕ್ಕ. 2017ರಲ್ಲಿ ಟ್ರೂಜೆಟ್ ಚೆನ್ನೈಗೆ, 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾಗಳಿಗೆ ಹಾರಿದವು. ಟ್ರೂಜೆಟ್ 2022ರಲ್ಲಿ ಮುಚ್ಚಿತು. ಮೂರು ವರ್ಷದ ನೆರವು ಒಳ್ಳೆಯದೇ. ಆದರೆ ಜನರಿಗೆ ವಿಮಾನದ ಅಭ್ಯಾಸ ಹತ್ತುವ ಹೊತ್ತಿಗೆ ಅದು ಮುಗಿಯುತ್ತದೆ ಎಂಬುದು ನಮ್ಮ ತಕರಾರು.

ಗುಂಡ್ಲುಪೇಟೆಯವರಿಗೆ ಇನ್ನೊಂದು ದಿಕ್ಕಿನಲ್ಲೂ ನಿಲ್ದಾಣಗಳಿವೆ: ಕೋಝಿಕ್ಕೋಡಿನ ಕರಿಪ್ಪೂರು, 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು. ಎರಡೂ ದೇವನಹಳ್ಳಿಗಿಂತ ಹತ್ತಿರ, ಗಲ್ಫಿಗೆ ನೇರ ವಿಮಾನವೂ ಉಂಟು. ಆದರೆ ನಡುವೆ ಬಂಡೀಪುರದ ಕಾಡು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರ ನಿಷಿದ್ಧ. ತುರ್ತು ವಾಹನಗಳಿಗೆ, ಬೆರಳೆಣಿಕೆಯ ಸರಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಆನೆ, ಜಿಂಕೆಗಳ ಪ್ರಾಣ ಉಳಿಸುವ ಈ ನಿಯಮ ಸರಿಯೇ. ಆದರೆ ಬೆಳಗಿನ ಜಾವದ ವಿಮಾನ ಹಿಡಿಯುವವರು ಹಿಂದಿನ ಸಂಜೆಯೇ ಕಾಡು ದಾಟಿ, ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆಯಬೇಕು. ಮನೆಯಲ್ಲಿ ಸಾವಾಯಿತೆಂದು ಓಡಿಬರುವ ಮಗ ರಾತ್ರಿ ಹತ್ತಕ್ಕೆ ಕರಿಪ್ಪೂರಿನಲ್ಲಿ ಇಳಿದರೆ, ಬೆಳಕು ಹರಿಯುವ ತನಕ ಕಾಡಿನ ಆಚೆಗೇ ಕಾಯಬೇಕು.

ಈಗ ದೇಶದೊಳಗಿನ ಪ್ರಯಾಣಿಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯನ್ನು ಇಂಡಿಗೋ ಮತ್ತು ಏರ್ ಇಂಡಿಯಾ ಎಂಬ ಎರಡೇ ಬಳಗಗಳು ಒಯ್ಯುತ್ತವೆ. ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಕೆಲಸಕ್ಕೆ ಮಿತಿ ಹಾಕಿದ ನಿಯಮಕ್ಕೆ ಇಂಡಿಗೋ ಸಾಕಷ್ಟು ತಯಾರಾಗಿರಲಿಲ್ಲ. 2025ರ ಡಿಸೆಂಬರ್ 5ರಂದು ಒಂದೇ ದಿನ ಅದರ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರಿನಲ್ಲಿ ಒಂದು ವಿಮಾನ ತಪ್ಪಿದರೆ ಇನ್ನೊಂದನ್ನು ಹುಡುಕಬಹುದು. ದಿನಕ್ಕೆ ಬೆರಳೆಣಿಕೆಯ ವಿಮಾನಗಳಿರುವ ಮಂಡಕಳ್ಳಿಯಲ್ಲಿ ಮರಳಿ ಮನೆಗೆ ಹೋಗುವುದೇ ದಾರಿ.

ಮಂಡಕಳ್ಳಿಯಿಂದ ಹೊರಟು ಬೇರೆ ಊರಿನಲ್ಲಿ ವಿಮಾನ ಬದಲಿಸುವವರಿಗೆ ಒಂದು ಮಾತು. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ, ಮೊದಲ ವಿಮಾನ ರದ್ದಾದಾಗ ಆ ಕಂಪೆನಿ ಹಣ ಮರಳಿಸುವುದೋ ಬದಲಿ ವಿಮಾನ ಕೊಡುವುದೋ ತನ್ನ ಟಿಕೆಟಿಗೆ ಮಾತ್ರ. ಮುಂದಿನ ವಿಮಾನ ತಪ್ಪಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ ಕೊನೆಯ ಊರಿಗೆ ಮುಟ್ಟಿಸುವ ಹೊಣೆ ಕಂಪೆನಿಯದು. ಬುಕ್ ಮಾಡಿಕೊಡುವ ಏಜೆಂಟರಲ್ಲಿ "ಒಂದೇ ಪಿಎನ್ಆರ್ ನಂಬರಾ?" ಎಂದು ಕೇಳಿ, ಹಣ ಕೊಡುವ ಮೊದಲೇ.